ಓಡದೆ ಊಟವಿಲ್ಲ

ನನ್ನದು ಕಾಯಿಲೆ ಎಂದು ಯಾರೂ ಹೇಳಲಿಲ್ಲ. 75 ಕೆ.ಜಿ. ಇದ್ದವನು 54ಕ್ಕೆ ಇಳಿಯುವವರೆಗೂ ಕಂಡವರೆಲ್ಲ ಹೊಗಳಿದರು. ಪಿಂಚಣಿ ತೆಗೆಯಲು ಬ್ಯಾಂಕಿಗೆ ಬರುತ್ತಿದ್ದ ಹಿರಿಯರು ಕೌಂಟರಿನ ಆಚೆಯಿಂದ ನನ್ನನ್ನು ತೋರಿಸಿ, "ಶಿಸ್ತು ಅಂದ್ರೆ ಇವರ ಥರ ಇರ್ಬೇಕು ನೋಡಿ" ಅನ್ನುತ್ತಿದ್ದರು. ಮದುವೆ ಮನೆಯ ಪಂಕ್ತಿಯಲ್ಲಿ ಅನ್ನ ಬೇಡವೆಂದು ನಾನು ಕೈ ಅಡ್ಡ ಹಿಡಿದರೆ ಅಕ್ಕಪಕ್ಕದವರು ತಮ್ಮ ಎಲೆ ನೋಡಿಕೊಂಡು ಸಂಕೋಚಪಡುತ್ತಿದ್ದರು. ಕುಡಿತಕ್ಕೆ ಬಿದ್ದಿದ್ದರೆ ಕೆಲವೇ ತಿಂಗಳಲ್ಲಿ ಯಾರಾದರೂ ಅಡ್ಡ ಬರುತ್ತಿದ್ದರು. ಓಟಕ್ಕೆ ಅಡ್ಡ ಬರುವವರು ಯಾರು?

ಶುರುವಾದದ್ದು ನ್ಯಾಯವಾದ ಕಾರಣಕ್ಕೇ. ನಲವತ್ತು ದಾಟಿದ ಮೇಲೆ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಶುಗರ್ ಬಾರ್ಡರ್‌ನಲ್ಲಿದೆ ಎಂದು ಬಂತು. ಅಪ್ಪನಿಗೆ ಆಗಲೇ ಸಕ್ಕರೆ ಕಾಯಿಲೆಯಿಂದ ಕಾಲಿನ ಎರಡು ಬೆರಳು ಹೋಗಿದ್ದವು. ದಿನಾ ಅರ್ಧ ಗಂಟೆ ನಡೆಯಿರಿ, ಸಿಹಿ ಬಿಡಿ, ಅನ್ನ ಸ್ವಲ್ಪ ಕಡಿಮೆ ಮಾಡಿ ಎಂದು ಡಾಕ್ಟರು ಹೇಳಿದರು. ಆ ಮಾತಿನಲ್ಲಿ ಒಂದಿಷ್ಟೂ ತಪ್ಪಿರಲಿಲ್ಲ. ಇವತ್ತಿಗೂ ನಾನು ಅದನ್ನೇ ಹೇಳುತ್ತೇನೆ. ಸರಸ್ವತಿಪುರಂನ ನಮ್ಮ ಮನೆಯಿಂದ ಕುಕ್ಕರಹಳ್ಳಿ ಕೆರೆ ಹತ್ತಿರ. ಬೆಳಗ್ಗೆ ಏರಿಯ ಮೇಲೆ ನಡೆದೆ. ನಡಿಗೆ ಓಟವಾಯಿತು. ಮುಂದಿನ ವರ್ಷ ಬೆಂಗಳೂರಿಗೆ ಹೋಗಿ ವರ್ಲ್ಡ್ 10ಕೆ ಓಡಿ ಬಂದೆ. ಪದಕವನ್ನು ಅಮ್ಮ ದೇವರ ಮನೆಯ ಗೂಟಕ್ಕೆ ನೇತುಹಾಕಿದರು. ಅಷ್ಟರಲ್ಲಿ ಶುಗರ್ ಪೂರಾ ಹತೋಟಿಗೆ ಬಂದಿತ್ತು. ಹೆಚ್ಚಿನವರ ಕಥೆ ಸುಖವಾಗಿ ಇಲ್ಲಿಗೇ ಮುಗಿಯುತ್ತದೆ.

ನನಗೆ ಮಾತ್ರ ಅಷ್ಟರಲ್ಲಿ ಒಂದು ನಿಯಮ ಹುಟ್ಟಿಕೊಂಡಿತ್ತು: ಓಡದೆ ಊಟವಿಲ್ಲ. ಯಾರೂ ಹೇಳಿಕೊಟ್ಟದ್ದಲ್ಲ. ಮೊದಲು ಅದು ಬೆಳಗಿನ ತಿಂಡಿಗೆ ಮಾತ್ರ ಇತ್ತು, ಆಮೇಲೆ ಮಧ್ಯಾಹ್ನದ ಊಟಕ್ಕೂ ಬಂತು, ಕೊನೆಗೆ ಒಂದು ಲೋಟ ಕಾಫಿಗೂ. ಮಳೆ ಬಂದರೆ ತಾರಸಿಯ ಮೇಲೆ ಓಡುತ್ತಿದ್ದೆ; ಸಿಡಿಲು ಹೊಡೆದರೆ ಹಾಲ್‌ನಲ್ಲಿ ನಿಂತಲ್ಲೇ. ಜ್ವರ ಬಂದ ದಿನ ಪ್ಯಾರಸಿಟಮಾಲ್ ನುಂಗಿ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದೆ. ದೊಡ್ಡ ನಂದಿಯ ಹತ್ತಿರ ಕಣ್ಣು ಕತ್ತಲೆ ಕಟ್ಟಿತು, ಕಟ್ಟೆ ಹಿಡಿದು ಕೂತೆ, ಮತ್ತೆ ಹತ್ತಿದೆ. ಕೈಗಡಿಯಾರದಲ್ಲಿ ಅಂದಿನ ಲೆಕ್ಕ ತುಂಬದೆ ಇಳಿದು ಬರುವುದು ಸಾಧ್ಯವೇ ಇರಲಿಲ್ಲ. ತಟ್ಟೆಯಿಂದ ಮೊದಲು ಹೋದದ್ದು ಅನ್ನ, ಆಮೇಲೆ ಮುದ್ದೆ, ಆಮೇಲೆ ತುಪ್ಪ, ಒಗ್ಗರಣೆ, ಕೊನೆಗೆ ಮೊಸರು. ಉಗಾದಿಯ ಒಬ್ಬಟ್ಟು ನನ್ನ ಕಣ್ಣಿಗೆ ಕಿಲೋಮೀಟರ್ ಆಗಿ ಕಾಣುತ್ತಿತ್ತು. ಮೊಬೈಲಿನಲ್ಲಿ ತುತ್ತು ತುತ್ತಿಗೂ ಕ್ಯಾಲೊರಿ ಬರೆದಿಡುತ್ತಿದ್ದೆ. ಸೌತೆಕಾಯಿ, ಮೊಳಕೆ ಕಾಳು, ಬೇಯಿಸಿದ ತರಕಾರಿ: ವರ್ಷಗಟ್ಟಲೆ ಅದೇ.

ನಮ್ಮಲ್ಲಿ ಉಪವಾಸಕ್ಕೆ ಗೌರವವಿದೆ. ಏಕಾದಶಿ, ಸಂಕಷ್ಟಿ, ಸೋಮವಾರದ ಒಪ್ಪೊತ್ತು, ಇವುಗಳಲ್ಲಿ ಯಾವುದರ ಹೆಸರು ಹೇಳಿದರೂ ಯಾಕೆ ಊಟ ಬಿಟ್ಟೆ ಎಂದು ಯಾರೂ ಕೇಳುವುದಿಲ್ಲ. ಏಕಾದಶಿ ಮಾಡುವವರು ಮಾರನೆಯ ದಿನ ಪಾರಣೆ ಮಾಡುತ್ತಾರೆ, ಹೊಟ್ಟೆ ತುಂಬ ಉಣ್ಣುತ್ತಾರೆ. ನನ್ನ ಪಾರಣೆಯ ದಿನ ಬರುತ್ತಲೇ ಇರಲಿಲ್ಲ. ಅದನ್ನು ಗಮನಿಸಿದವಳು ನನ್ನ ಹೆಂಡತಿ ಒಬ್ಬಳೇ.

ಆ ಕಾಯಿಲೆ ನನ್ನನ್ನು ಎಷ್ಟರಮಟ್ಟಿಗೆ ಹಿಡಿದಿತ್ತು ಎಂಬುದಕ್ಕೆ ಅಪ್ಪ ಆಸ್ಪತ್ರೆಯಲ್ಲಿದ್ದ ದಿನಗಳೇ ಸಾಕ್ಷಿ. ಕಾಲಿನ ಸೋಂಕು ಮೇಲೇರಿ, ಕಿಡ್ನಿ ಕೈಕೊಟ್ಟು ಅವರನ್ನು ಐಸಿಯುಗೆ ಸೇರಿಸಿದ್ದೆವು. ರಾತ್ರಿ ನಾನು, ಹಗಲು ಅಕ್ಕ. ಆಸ್ಪತ್ರೆ ಬಿಟ್ಟು ಕೆರೆಗೆ ಹೋಗುವಂತಿರಲಿಲ್ಲ. ಅದಕ್ಕೇ ಮೆಟ್ಟಿಲು. ನೆಲಮಹಡಿಯಿಂದ ಐದನೆಯ ಮಹಡಿ, ಮತ್ತೆ ಕೆಳಗೆ, ಮತ್ತೆ ಮೇಲೆ. ರೋಗಿಗಳ ಕಡೆಯವರು ಟವೆಲ್ ಹಾಸಿಕೊಂಡು ಮಲಗಿರುತ್ತಿದ್ದರು. ಅವರ ಕಾಲು ತುಳಿಯದಂತೆ ಗೋಡೆಗೆ ಒತ್ತಿಕೊಂಡು ಹತ್ತುತ್ತಿದ್ದೆ. ಒಂದು ರಾತ್ರಿ ಮೂರನೆಯ ಮಹಡಿಯಲ್ಲಿದ್ದಾಗ ನರ್ಸ್ ಕೂಗುವುದು ಕೇಳಿಸಿತು: "ಎರಡನೇ ಬೆಡ್ ಕಡೆಯವರು ಯಾರ್ರೀ? ಬನ್ನಿ ಬೇಗ!" ಎರಡನೇ ಬೆಡ್ ಅಪ್ಪನದು. ಐಸಿಯು ಇದ್ದದ್ದು ಎರಡನೆಯ ಮಹಡಿಯಲ್ಲಿ. ನನ್ನ ಕಾಲು ಕೆಳಗಿಳಿಯಲಿಲ್ಲ, ಮೇಲೆ ಹತ್ತಿತು. ಐದನೆಯ ಮಹಡಿ ಮುಟ್ಟಿ ಆ ಸುತ್ತು ಮುಗಿಸದೆ ತಿರುಗಲು ಆಗಲೇ ಇಲ್ಲ. ಕೂಗು ಕೇಳಿದೆ, ಅದು ನಮಗೇ ಎಂದು ಗೊತ್ತಾಯಿತು, ಎದೆ ಹೊಡೆದುಕೊಂಡಿತು. ಆದರೂ ಕಾಲು ತನ್ನ ಲೆಕ್ಕ ಮುಗಿಸಿಯೇ ಬಂತು. ಸಹಿ ಹಾಕಬೇಕಾಗಿದ್ದ ಕಾಗದಕ್ಕೆ ಅಷ್ಟರಲ್ಲಿ ಊರಿಂದ ಬಂದಿದ್ದ ಚಿಕ್ಕಪ್ಪ ಸಹಿ ಹಾಕಿದ್ದರು.

ಅಪ್ಪ ಆ ಸಲ ಉಳಿದು, ಕೆಲವು ತಿಂಗಳ ಮೇಲೆ ತೀರಿಕೊಂಡರು. ವೈಕುಂಠ ಸಮಾರಾಧನೆಯ ದಿನ ಪಂಕ್ತಿಯಲ್ಲಿ ಅಮ್ಮ ನನ್ನ ಮುಂದೆ ಬಂದು ನಿಂತು, "ಅಪ್ಪನ ಹೆಸರಲ್ಲಿ ಒಂದು ವಡೆ ತಿನ್ನೋ ಮಗಾ" ಎಂದರು. ತಿಂದೆ. ಬಂದವರಿಗೆ ತಾಂಬೂಲ ಕೊಡುತ್ತಿರುವಾಗಲೇ ಪಂಚೆ ಬಿಚ್ಚಿ ಪ್ಯಾಂಟ್ ಹಾಕಿಕೊಂಡು ಸುಡು ಬಿಸಿಲಲ್ಲಿ ಕೆರೆಗೆ ಹೋದೆ. ದುಃಖ ತಡೆಯಲಾರದೆ ಹೊರಗೆ ಹೋಗಿದ್ದಾನೆ ಎಂದು ಮನೆಯವರು ಅಂದುಕೊಂಡರು. ನಿಜ ಹೇಳಬೇಕೆಂದರೆ, ಅಪ್ಪ ಹೋದ ದುಃಖ ನನಗೆ ತಟ್ಟಿದ್ದೇ ಒಂದು ವರ್ಷದ ಮೇಲೆ, ಹೊಟ್ಟೆಗೆ ಸರಿಯಾಗಿ ಅನ್ನ ಬಿದ್ದ ನಂತರ. ಹಸಿದ ಮೈಗೆ ಅಳುವ ತ್ರಾಣವೂ ಇರುವುದಿಲ್ಲ.

ಮೈ ಹೇಳುತ್ತಲೇ ಇತ್ತು. ಏಪ್ರಿಲ್ ಸೆಖೆಯಲ್ಲೂ ಬ್ಯಾಂಕಿನಲ್ಲಿ ಸ್ವೆಟರ್ ಹಾಕಿಕೊಂಡು ಕೂರುತ್ತಿದ್ದೆ. ರಾತ್ರಿ ಮೂರು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲ. ಗಂಡಸಿಗೆ ಸಹಜವಾಗಿ ಇರುವ ಆಸೆ ಪೂರ್ತಿ ಆರಿಹೋಗಿತ್ತು. ಇದನ್ನು ಬರೆಯಲು ಸಂಕೋಚವಾಗುತ್ತದೆ, ಆದರೆ ಓದುವ ಗಂಡಸರಿಗೆ ಗೊತ್ತಾಗಬೇಕು ಎಂದು ಬರೆಯುತ್ತಿದ್ದೇನೆ. ಒಂದು ತಪಾಸಣೆಯಲ್ಲಿ ನಾಡಿ ನಿಮಿಷಕ್ಕೆ 41 ಎಂದು ಬಂದಾಗ, ನೋಡಿದ ಡಾಕ್ಟರು ಇದು ಓಟಗಾರರ ಹೃದಯ, ಬಹಳ ಒಳ್ಳೆಯದು ಎಂದು ಬೆನ್ನು ತಟ್ಟಿ ಕಳಿಸಿದರು. ಪಳಗಿದ ಓಟಗಾರರ ನಾಡಿ ನಿಧಾನವಾಗಿರುವುದು ನಿಜ. ಹಸಿದವರ ನಾಡಿಯೂ ನಿಧಾನವಾಗುತ್ತದೆ. ಎರಡರಲ್ಲಿ ಯಾವುದು ಎಂದು ತಿಳಿಯಲು ಏನು ತಿನ್ನುತ್ತೀರಿ ಎಂಬ ಒಂದು ಪ್ರಶ್ನೆ ಸಾಕಾಗಿತ್ತು. ಅದನ್ನು ಅವರು ಕೇಳಲಿಲ್ಲ.

ಕೊನೆಗೆ ಮೊಣಕಾಲಿನ ಕೆಳಗಿನ ಮೂಳೆ ಮಾತಾಡಿತು. ಮೊದಮೊದಲು ಓಡಿದ ಮೇಲೆ ನೋವು, ಆಮೇಲೆ ಓಡುವಾಗ, ಆಮೇಲೆ ಮಲಗಿದಾಗಲೂ. ಎಂಆರ್‌ಐ ಮಾಡಿಸಿದಾಗ ಮೂಳೆಯಲ್ಲಿ ಸೀಳು ಬಿಟ್ಟಿರುವುದು ಕಾಣಿಸಿತು. ಬಿದ್ದು ಮುರಿದದ್ದಲ್ಲ, ಸವೆದದ್ದನ್ನು ಕಟ್ಟಿಕೊಳ್ಳಲು ಮೈಯಲ್ಲಿ ಸಾಮಗ್ರಿ ಇಲ್ಲದೆ ಬಿಟ್ಟದ್ದು. ಕಾಲಿಗೆ ಬೂಟ್ ಹಾಕಿ, ಎರಡು ತಿಂಗಳು ಓಡಕೂಡದು ಎಂದರು.

ನಿಜವಾದ ಯಾತನೆ ಶುರುವಾದದ್ದು ಆಗ. ಓಡದ ಮೊದಲ ದಿನಗಳಲ್ಲೇ ಕೈ ನಡುಗಿತು, ಬೆವರಿತು, ಹೆಂಡತಿ ಲೋಟ ಇಟ್ಟ ಸದ್ದಿಗೂ ಸಿಟ್ಟು ಬರುತ್ತಿತ್ತು. ಮೈಯೊಳಗೆ ಏನೋ ಕೊಳೆಯುತ್ತಿದೆ ಅನ್ನಿಸುತ್ತಿತ್ತು. ಓಟವಿಲ್ಲ ಎಂದ ಮೇಲೆ ಊಟವನ್ನು ಇನ್ನಷ್ಟು ಕಡಿಮೆ ಮಾಡಿದೆ, ನಿಯಮ ಮುರಿಯಬಾರದಲ್ಲ. ಒಂದು ರಾತ್ರಿ ಹೆಂಡತಿ ಎದ್ದು ಬಂದು ಹಾಲ್‌ನ ದೀಪ ಹಾಕಿದಾಗ ನಾನು ಒಂದು ಕಾಲಲ್ಲಿ ಬೂಟ್ ಹಾಕಿಕೊಂಡೇ ನಿಂತಲ್ಲಿ ಕುಣಿಯುತ್ತಿದ್ದೆ. ಅವಳು ಕೂಗಾಡಲಿಲ್ಲ. "ಇದು ಆರೋಗ್ಯಕ್ಕೆ ಮಾಡ್ತಿರೋದಲ್ಲ ರೀ, ನಿಮ್ಮನ್ನ ಏನೋ ಹಿಡ್ಕೊಂಡಿದೆ" ಎಂದಳು. ಬೆಳಗಾಗುವಷ್ಟರಲ್ಲಿ ಒಂದು ಹಾಳೆಯಲ್ಲಿ ಎಲ್ಲ ಬರೆದಿದ್ದಳು: ನಾನು ಏನು ತಿನ್ನುತ್ತೇನೆ, ಎಷ್ಟು ಹೊತ್ತಿಗೆ ಏಳುತ್ತೇನೆ, ಯಾವಾಗ ಓಡುತ್ತೇನೆ, ಯಾವ ಹಬ್ಬದಲ್ಲಿ ಏನು ಬಿಟ್ಟೆ, ಮೆಟ್ಟಿಲು, ಸ್ವೆಟರ್, ಸಿಟ್ಟು. ಆ ಹಾಳೆ ಹಿಡಿದು ನನ್ನನ್ನು ಬೇರೊಬ್ಬ ಫಿಸಿಷಿಯನ್ ಹತ್ತಿರ ಕರೆದುಕೊಂಡು ಹೋದಳು. ಅವರು ನನ್ನನ್ನು ಮುಟ್ಟುವ ಮೊದಲು ಆ ಹಾಳೆಯನ್ನು ಎರಡು ಸಲ ಓದಿದರು. ಅದೇ ವಾರ ಮನೋವೈದ್ಯರ ಮುಂದೆ ಕೂತಿದ್ದೆ.

ಓಟ ಬಿಡಲಾಗದವರ ವಿಷಯ ಸಂಶೋಧಕರಿಗೆ ಹೊಸದೇನಲ್ಲ ಎಂದು ಅವರಿಂದಲೇ ತಿಳಿದದ್ದು. ಅಮೆರಿಕದಲ್ಲಿ ಫ್ರೆಡೆರಿಕ್ ಬೇಕ್‌ಲ್ಯಾಂಡ್ ಎಂಬವರು ವ್ಯಾಯಾಮ ನಿಲ್ಲಿಸಿದರೆ ನಿದ್ದೆ ಏನಾಗುತ್ತದೆ ಎಂದು ನೋಡಲು ಹೊರಟು, 1970ರಲ್ಲಿ ತಮ್ಮ ಅಧ್ಯಯನ ಪ್ರಕಟಿಸಿದರು. ದಿನವೂ ವ್ಯಾಯಾಮ ಮಾಡುವವರು ದುಡ್ಡು ಕೊಡುತ್ತೇವೆಂದರೂ ಒಂದು ತಿಂಗಳು ಬಿಡಲು ಒಪ್ಪಲಿಲ್ಲ. ಕೊನೆಗೆ ವಾರಕ್ಕೆ ಮೂರು ನಾಲ್ಕು ದಿನ ಮಾತ್ರ ವ್ಯಾಯಾಮ ಮಾಡುವವರನ್ನು ಹಿಡಿದು ಪ್ರಯೋಗ ಮಾಡಬೇಕಾಯಿತು; ಅವರಿಗೂ ನಿದ್ದೆ ಕೆಟ್ಟಿತು, ತಳಮಳ ಹೆಚ್ಚಿತು. ಅದಕ್ಕೂ ಸುಮಾರು ನೂರು ವರ್ಷ ಹಿಂದೆ ಲಂಡನ್ನಿನ ವೈದ್ಯ ವಿಲಿಯಂ ಗಲ್, ಅನೊರೆಕ್ಸಿಯಾ ನರ್ವೋಸಾ ಎಂದು ತಾವೇ ಹೆಸರಿಟ್ಟ, ಊಟ ಬಿಟ್ಟು ಸೊರಗುವ ಕಾಯಿಲೆಯ ಬಗ್ಗೆ ಬರೆಯುವಾಗ, ಇಷ್ಟು ಸೊರಗಿದ ಮೈ ಅಷ್ಟೊಂದು ಓಡಾಡುವುದು ಹೇಗೆ ಎಂದು ಬೆರಗಾಗಿದ್ದರು. 1983ರಲ್ಲಿ ಅಲೇನ್ ಯೇಟ್ಸ್ ಮತ್ತು ಜೊತೆಗಾರರು ವಿಪರೀತ ಓಡುವ ಗಂಡಸರನ್ನೂ ಅನೊರೆಕ್ಸಿಯಾ ಇರುವ ಹೆಣ್ಣುಮಕ್ಕಳನ್ನೂ ಅಕ್ಕಪಕ್ಕ ಇಟ್ಟು ನೋಡಿ, ಇವೆರಡೂ ಒಂದೇ ಬಗೆಯವೇನೋ ಎಂದು ನ್ಯೂ ಇಂಗ್ಲೆಂಡ್ ವೈದ್ಯಕೀಯ ಪತ್ರಿಕೆಯಲ್ಲಿ ಕೇಳಿದರು. ಓಡುವವರು ಆಗ ತುಂಬ ಸಿಟ್ಟಾದರು. ಎಲ್ಲ ಓಟಗಾರರಿಗೂ ಆ ಮಾತು ಹೊಂದುವುದಿಲ್ಲ ಎಂಬುದು ನಿಜವೇ. ನನಗೆ ಹೊಂದುತ್ತಿತ್ತು.

ಮನೋವೈದ್ಯರು 24 ಹೇಳಿಕೆಗಳ ಒಂದು ಪಟ್ಟಿ ಕೊಟ್ಟರು. ಇಂಗ್ಲೆಂಡಿನ ಲಫ್‌ಬರೋ ವಿಶ್ವವಿದ್ಯಾಲಯದ ಕ್ಯಾರಲಿನ್ ಮೇಯರ್ ಮತ್ತು ಸಹೋದ್ಯೋಗಿಗಳು 2011ರಲ್ಲಿ ರೂಪಿಸಿದ್ದು. ಎಷ್ಟು ಕಿಲೋಮೀಟರ್ ಓಡುತ್ತೀರಿ ಎಂದು ಅದರಲ್ಲಿ ಎಲ್ಲೂ ಕೇಳಿಲ್ಲ. ವ್ಯಾಯಾಮ ತಪ್ಪಿಸಿದರೆ ಅಪರಾಧಿ ಭಾವ ಬರುತ್ತದೆಯೇ, ತೂಕಕ್ಕಾಗಿ ಮಾಡುತ್ತೀರಾ, ಮಾಡುವಾಗ ಖುಷಿ ಇದೆಯೇ, ಅದೇ ಕ್ರಮದಲ್ಲಿ ಮಾಡದಿದ್ದರೆ ತಳಮಳವೇ, ಇಂಥವು. ನನ್ನ ಅಂಕ ಮೇಲಿನ ತುದಿ ಮುಟ್ಟಿತು. ಆಸ್ಟ್ರೇಲಿಯಾದಲ್ಲಿ ಜೋನಾಥನ್ ಮಾಂಡ್, ಫಿಲಿಪಾ ಹೇ ಮತ್ತು ಸಂಗಡಿಗರು ಸಾಮಾನ್ಯ ಮಹಿಳೆಯರ ನಡುವೆ ನಡೆಸಿದ ಅಧ್ಯಯನಗಳೂ ಇದನ್ನೇ ಹೇಳುತ್ತವೆ. ವ್ಯಾಯಾಮ ಎಷ್ಟು ಎಂಬುದಕ್ಕಿಂತ ಎರಡು ಲಕ್ಷಣಗಳು ಅಪಾಯವನ್ನು ಚೆನ್ನಾಗಿ ತೋರಿಸಿಕೊಟ್ಟವು: ಮೈತೂಕ, ಮೈಕಟ್ಟಿಗಾಗಿ ಮಾತ್ರವೇ ಮಾಡುವುದು ಮತ್ತು ಮುಂದೂಡಿದಾಗ ತೀವ್ರ ಅಪರಾಧಿ ಭಾವ ಕಾಡುವುದು. ಮ್ಯಾರಥಾನ್ ಓಡುವ ಎಷ್ಟೋ ಜನ ಆರೋಗ್ಯವಾಗಿದ್ದಾರೆ. ದಿನಕ್ಕೆ ನಲವತ್ತು ನಿಮಿಷ ನಡೆಯುವವರೂ ಈ ಕಾಯಿಲೆಗೆ ಬೀಳಬಹುದು.

ನಾನು ಮೊದಲ ಭೇಟಿಯಲ್ಲಿ ಕೇಳಿದ ಪ್ರಶ್ನೆ ಒಂದೇ: "ಇದು ಹೆಣ್ಣುಮಕ್ಕಳ ಕಾಯಿಲೆ ಅಲ್ವಾ ಡಾಕ್ಟ್ರೇ?" ಅದಕ್ಕೆ ಉತ್ತರವಾಗಿ ಅವರು ಮಿನ್ನೆಸೊಟದ ಕಥೆ ಹೇಳಿದರು. ನನ್ನನ್ನು ಎಲ್ಲಕ್ಕಿಂತ ಹೆಚ್ಚು ಎಚ್ಚರಿಸಿದ್ದು ಅದೇ, ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಯುರೋಪಿನ ಹಸಿದ ಜನರಿಗೆ ಮತ್ತೆ ಊಟ ಕೊಡುವುದು ಹೇಗೆ ಎಂದು ತಿಳಿಯಬೇಕಿತ್ತು. 1944ರ ನವೆಂಬರಿನಲ್ಲಿ ಮಿನ್ನೆಸೊಟ ವಿಶ್ವವಿದ್ಯಾಲಯದ ಫುಟ್‌ಬಾಲ್ ಸ್ಟೇಡಿಯಮ್ಮಿನ ಕೆಳಗಿದ್ದ ಕೋಣೆಗಳಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ಪ್ರಯೋಗ ಶುರುಮಾಡಿದರು. ಆತ್ಮಸಾಕ್ಷಿಯ ಕಾರಣಕ್ಕೆ ಯುದ್ಧಕ್ಕೆ ಹೋಗಲು ಒಪ್ಪದ 36 ಯುವಕರು ತಾವಾಗಿ ಮುಂದೆ ಬಂದರು. ದೇಹ, ಮನಸ್ಸು ಎರಡೂ ಗಟ್ಟಿ ಎಂದು ಪರೀಕ್ಷಿಸಿಯೇ ಆರಿಸಿದ್ದರು. ಅವರ ಆಹಾರವನ್ನು 24 ವಾರ ಸುಮಾರು ಅರ್ಧಕ್ಕೆ ಇಳಿಸಿ, ವಾರಕ್ಕೆ 35 ಕಿಲೋಮೀಟರ್ ನಡೆಸಿದರು. ತೂಕ ಕಾಲು ಭಾಗದಷ್ಟು ಇಳಿಯಿತು. ನಾಡಿ ಸರಾಸರಿ 55ರಿಂದ 35ಕ್ಕೆ ಬಂತು. ಬೇಸಿಗೆಯಲ್ಲೂ ಚಳಿ ಎಂದರು. ಸಿನಿಮಾದಲ್ಲಿ ಊಟದ ದೃಶ್ಯ ಬಿಟ್ಟು ಬೇರೇನೂ ಹಿಡಿಸುತ್ತಿರಲಿಲ್ಲ. ಅಡುಗೆ ಪುಸ್ತಕ ಗುಡ್ಡೆಹಾಕಿಕೊಂಡು ಓದಿದರು. ಕೊಟ್ಟ ಸ್ವಲ್ಪವನ್ನೇ ಗಂಟೆಗಟ್ಟಲೆ ಹಿಡಿದು ತಿಂದು ತಟ್ಟೆ ನೆಕ್ಕಿದರು. ಹೆಣ್ಣುಗಳ ಮೇಲಿನ ಆಸೆ ಹೋಯಿತು. ಜಗಳಗಂಟರಾದರು, ಒಂಟಿಯಾದರು. ಒಬ್ಬಾತ ಕೊಡಲಿಯಿಂದ ತನ್ನ ಮೂರು ಬೆರಳು ಕಡಿದುಕೊಂಡ. ಬೇಕೆಂದು ಮಾಡಿದ್ದೋ ಅಲ್ಲವೋ ಆತನಿಗೇ ತಿಳಿಯಲಿಲ್ಲ. ಹೆಚ್ಚಿನವರು ಸುಸ್ತಾಗಿ ಬಿದ್ದುಕೊಂಡಿದ್ದರೂ, ಕೆಲವರು ಹೆಚ್ಚು ಬ್ರೆಡ್ ಸಿಗಲೆಂದು ಮೈಯನ್ನು ಮತ್ತಷ್ಟು ದಂಡಿಸಿ ತೂಕ ಇಳಿಸಲು ನೋಡಿದರು. 1950ರಲ್ಲಿ ಇದೆಲ್ಲ ಎರಡು ಸಂಪುಟಗಳಲ್ಲಿ ಅಚ್ಚಾಯಿತು.

ಕೇಳುತ್ತ ಕೇಳುತ್ತ ನನಗೆ ಮಾತು ನಿಂತುಹೋಯಿತು. ನಾನೂ ರಾತ್ರಿ ಮೂರು ಗಂಟೆಗೆ ಮೊಬೈಲಿನಲ್ಲಿ ಬಿಸಿಬೇಳೆಬಾತ್, ಚಿರೋಟಿ ಮಾಡುವ ವಿಡಿಯೊಗಳನ್ನು ಒಂದರ ಹಿಂದೊಂದು ನೋಡುತ್ತಿದ್ದೆ. ಒಂದು ಸೌತೆಕಾಯಿಯನ್ನು ಕಾಗದದಷ್ಟು ತೆಳ್ಳಗೆ ಹೆಚ್ಚಿಕೊಂಡು ಮುಕ್ಕಾಲು ಗಂಟೆ ತಿನ್ನುತ್ತಿದ್ದೆ. ಇದೆಲ್ಲ ನನ್ನ ಸ್ವಭಾವ, ನನ್ನ ವಿಚಿತ್ರ ಎಂದು ನಂಬಿದ್ದೆ. ಮಿನ್ನೆಸೊಟದ ಆ 36 ಜನ ಗಂಡಸರು, ಅವರಲ್ಲಿ ಯಾರಿಗೂ ತೆಳ್ಳಗಾಗುವ ಹುಚ್ಚು ಇರಲಿಲ್ಲ. ಹಸಿವೊಂದೇ ಅವರನ್ನು ಹಾಗೆ ಮಾಡಿತು. ಮನಸ್ಸು ಕೆಟ್ಟಿದ್ದರಿಂದ ಊಟ ಬಿಡುತ್ತಾರೆ ಎನ್ನುತ್ತೇವೆ. ಊಟ ಬಿಟ್ಟಿದ್ದರಿಂದಲೂ ಮನಸ್ಸು ಕೆಡುತ್ತದೆ ಎಂಬುದನ್ನು ಯಾರೂ ನನಗೆ ಅಲ್ಲಿಯವರೆಗೆ ಹೇಳಿರಲಿಲ್ಲ.

ಹಾಗಾದರೆ ಸುಸ್ತಾಗಿ ಬೀಳಬೇಕಾದ ನನ್ನ ಕಾಲು ಯಾಕೆ ಓಡುತ್ತಿತ್ತು? ಇದಕ್ಕೆ ಉತ್ತರ ಇಲಿಗಳಿಂದ ಬಂದಿದೆ. 1967ರಲ್ಲಿ ರೌಟೆನ್‌ಬರ್ಗ್ ಮತ್ತು ಕುಜ್ನೆಸೊಫ್ ಎಂಬವರು ಇಲಿಗಳಿಗೆ ದಿನಕ್ಕೆ ಒಂದು ಗಂಟೆ ಮಾತ್ರ ಆಹಾರ ಕೊಟ್ಟರು. ಬೋನಿನಲ್ಲಿ ಚಕ್ರವಿಲ್ಲದ ಇಲಿಗಳು ಆ ಒಂದು ಗಂಟೆಗೆ ಹೊಂದಿಕೊಂಡು ಬದುಕಿದವು. ಓಡುವ ಚಕ್ರವಿದ್ದ ಇಲಿಗಳು ದಿನದಿಂದ ದಿನಕ್ಕೆ ಹೆಚ್ಚು ಓಡಿದವು, ಆಹಾರ ಮುಂದಿದ್ದಾಗಲೂ ಕಡಿಮೆ ತಿಂದವು, ತೂಕ ಕಳೆದುಕೊಂಡು ಸತ್ತವು. ಹಸಿವು ಓಟವನ್ನು ಹೆಚ್ಚಿಸುತ್ತದೆ, ಓಟ ಹಸಿವನ್ನು ಮುಚ್ಚುತ್ತದೆ. ಮುಂದೆ ಜರ್ಮನಿಯ ಸಂಶೋಧಕರು ಲೆಪ್ಟಿನ್ ಎಂಬ ಹಾರ್ಮೋನಿನ ಪಾತ್ರ ತೋರಿಸಿದರು. ಅದು ಕೊಬ್ಬಿನಿಂದ ಹುಟ್ಟುವ ಹಾರ್ಮೋನು. ಕೊಬ್ಬು ಕರಗಿದಂತೆ ಅದೂ ಇಳಿಯುತ್ತದೆ. ಹಸಿದ ಇಲಿಗಳಿಗೆ ಹೊರಗಿನಿಂದ ಲೆಪ್ಟಿನ್ ಕೊಟ್ಟಾಗ ಅವುಗಳ ಹುಚ್ಚು ಓಟ ತಗ್ಗಿತು. ಮನುಷ್ಯನ ಕಥೆ ಇಲಿಯದಷ್ಟು ಸರಳವಲ್ಲ, ಅವನಿಗೆ ಹೆದರಿಕೆಯಿದೆ, ಹೊಗಳಿಕೆಯ ಆಸೆಯಿದೆ, ಅಪ್ಪನ ಕಾಲಿನ ನೆನಪಿದೆ. ಆದರೂ ಮನಸ್ಸು ಗಟ್ಟಿ ಮಾಡಿಕೋ ಎಂದು ನನಗೆ ಬುದ್ಧಿ ಹೇಳಿದವರೆಲ್ಲ ಆ ಇಲಿಗಳ ಬಗ್ಗೆ ಒಮ್ಮೆ ತಿಳಿಯಬೇಕು ಎಂದು ನನ್ನ ಆಸೆ.

ಚಿಕಿತ್ಸೆ ತಟ್ಟೆಯಿಂದ ಶುರುವಾಯಿತು. ಆಹಾರತಜ್ಞೆ ನನ್ನದೇ ಲೆಕ್ಕದ ಭಾಷೆಯಲ್ಲಿ ಕಾಗದದ ಮೇಲೆ ತೋರಿಸಿದರು: ನಿಮ್ಮ ತೂಕದಲ್ಲಿ ಕೊಬ್ಬು ಕಳೆದರೆ ಉಳಿಯುವುದು ಸುಮಾರು 48 ಕೆ.ಜಿ.; ನೀವು ತಿನ್ನುತ್ತಿದ್ದದ್ದು 1,400 ಕ್ಯಾಲೊರಿ; ಓಟಕ್ಕೆ ಹೋದದ್ದು 800; ಹೃದಯ, ಮಿದುಳು, ಮೂಳೆ, ರಕ್ತ ಎಲ್ಲಕ್ಕೂ ಉಳಿದದ್ದು 600. ಅಂದರೆ ಕೆ.ಜಿ.ಗೆ 12 ಚಿಲ್ಲರೆ. ಕ್ರೀಡಾವಿಜ್ಞಾನದಲ್ಲಿ 45 ಇದ್ದರೆ ಚೆನ್ನ ಎನ್ನುತ್ತಾರೆ, 30ಕ್ಕಿಂತ ಕೆಳಗೆ ಹೋದರೆ ಮೈ ಒಂದೊಂದೇ ಕೆಲಸ ನಿಲ್ಲಿಸುತ್ತದೆ. ಈ ಕೊರತೆಯನ್ನು ಮೊದಲು ಓಟಗಾರ್ತಿಯರಲ್ಲಿ ಗುರುತಿಸಿದ್ದು, ಮುಟ್ಟು ನಿಲ್ಲುವುದರಿಂದ ಮತ್ತು ಮೂಳೆ ಸವೆಯುವುದರಿಂದ. ಗಂಡಸರಿಗೆ ಮುಟ್ಟಿನಂಥ ಎಚ್ಚರಿಕೆಯ ಗಂಟೆ ಇಲ್ಲ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಇದು ಗಂಡಸರಿಗೂ ಆಗುತ್ತದೆ ಎಂದು ಸ್ಪಷ್ಟವಾಗಿ ಹೇಳಿತು. ನನ್ನ ಟೆಸ್ಟೋಸ್ಟೆರೋನ್ ಇಳಿದಿತ್ತು, ಬಿಳಿ ರಕ್ತಕಣ ಕಡಿಮೆಯಿತ್ತು, ಬೆನ್ನುಮೂಳೆಯ ಸಾಂದ್ರತೆ ನನ್ನ ವಯಸ್ಸಿಗೆ ತಕ್ಕಂತಿರಲಿಲ್ಲ.

ಬಹಳ ದಿನ ಹಸಿದವರಿಗೆ ಒಮ್ಮೆಗೇ ತುಂಬ ಉಣ್ಣಿಸಿದರೆ ರಕ್ತದ ಫಾಸ್ಫೇಟ್, ಪೊಟ್ಯಾಸಿಯಂ ಕುಸಿದು ಪ್ರಾಣಕ್ಕೇ ಕುತ್ತು ಬರಬಹುದು. ಅದಕ್ಕೇ ಮೊದಲ ವಾರ ಆಸ್ಪತ್ರೆಯಲ್ಲಿಟ್ಟುಕೊಂಡು ರಕ್ತ ನೋಡುತ್ತ ನಿಧಾನವಾಗಿ ಹೆಚ್ಚಿಸಿದರು. ಮನೆಯವರು ಕೇವಲ ಪ್ರೀತಿಯಿಂದ ಒತ್ತಾಯ ಮಾಡಿ ಉಣ್ಣಿಸಲು ಹೋಗಬಾರದು ಎಂಬುದನ್ನು ದಯವಿಟ್ಟು ನೆನಪಿಡಿ.

ಮೂರು ಊಟ, ನಡುವೆ ಮೂರು ತಿಂಡಿ, ಗಂಟೆಗೆ ಸರಿಯಾಗಿ. ಮನೆಗೆ ಬಂದ ಮೇಲೆ ಮೊದಲ ದಿನ ಹೆಂಡತಿ ಬಿಸಿ ಅನ್ನಕ್ಕೆ ತುಪ್ಪ ಹಾಕಿ ಹುಳಿ ಬಡಿಸಿದಾಗ ನಾನು ಗಟ್ಟಿಯಾಗಿ ಅತ್ತೆ, ಹೆದರಿಕೆಗೆ. ವಿಷ ಇಟ್ಟಂತೆ ಕಂಡಿತು. ಹೊಟ್ಟೆ ಉಬ್ಬರಿಸಿತು, ಕಾಲು ಊದಿತು. ಇದು ಕೊಬ್ಬಲ್ಲ, ನೀರು, ಇಳಿಯುತ್ತದೆ ಎಂದು ಡಾಕ್ಟರು ಎಷ್ಟು ಹೇಳಿದರೂ ಕಾಲು ಎದ್ದು ಓಡಲು ಎಳೆಯುತ್ತಿತ್ತು. ಆ ಎಳೆತ ಬಂದಾಗ ಎದ್ದು ಹೋಗದೆ ಅದನ್ನು ನೋಡುತ್ತ ಕೂರುವುದೇ ಮನಶ್ಶಾಸ್ತ್ರಜ್ಞೆ ಕೊಟ್ಟ ಅಭ್ಯಾಸ. ಏರುತ್ತದೆ, ತುದಿ ಮುಟ್ಟುತ್ತದೆ, ಏನೂ ಮಾಡದಿದ್ದರೂ ಇಳಿಯುತ್ತದೆ. ಮೊದಮೊದಲು ಹೆಂಡತಿ ನನ್ನ ಕೈ ಹಿಡಿದು ಪಕ್ಕದಲ್ಲಿ ಕೂತಿರುತ್ತಿದ್ದಳು. ಆಗ ಟಿವಿ ಹಾಕಬಾರದು, ಮೊಬೈಲ್ ನೋಡಬಾರದು. ಓಡದಿದ್ದರೆ ಏನಾಗುತ್ತದೆ ಎಂದು ನಾನು ನಂಬಿದ್ದೇನೋ ಅದನ್ನು ಬರೆದಿಡಬೇಕು, ವಾರ ಕಳೆದ ಮೇಲೆ ನಿಜವಾಗಿ ಏನಾಯಿತು ಎಂದು ಪಕ್ಕದಲ್ಲಿ ಬರೆಯಬೇಕು. ಆ ನೋಟ್‌ಬುಕ್ ಇವತ್ತಿಗೂ ನನ್ನ ಹತ್ತಿರ ಇದೆ.

ವ್ಯಾಯಾಮದ ಈ ಗೀಳಿಗೆಂದೇ ಪ್ರತ್ಯೇಕ ಚಿಕಿತ್ಸೆ ಮಾಡುವ ಪ್ರಯತ್ನವೂ ನಡೆದಿದೆ. ಲಫ್‌ಬರೋದಲ್ಲಿ ರೂಪುಗೊಂಡ ಒಂದು ಕ್ರಮವನ್ನು ಅನೊರೆಕ್ಸಿಯಾ ಇದ್ದವರ ಸಾಮಾನ್ಯ ಅರಿವು-ವರ್ತನೆ ಚಿಕಿತ್ಸೆಗೆ ಸೇರಿಸಿ ಪರೀಕ್ಷಿಸಿದರು. 2018ರಲ್ಲಿ ಫಲಿತಾಂಶ ಬಂತು. ಎರಡೂ ಗುಂಪಿನವರು ಸುಧಾರಿಸಿದರು, ಆದರೆ ಸೇರಿಸಿದ ಭಾಗದಿಂದ ಹೆಚ್ಚಿನ ಲಾಭ ಕಾಣಲಿಲ್ಲ. ಆ ಫಲಿತಾಂಶದಲ್ಲಿ ನನಗೆ ನಿರಾಸೆಯಿಲ್ಲ. ಸಾಮಾನ್ಯ ಚಿಕಿತ್ಸೆಯೂ ಗುಣ ಕೊಟ್ಟಿತು ಎಂದೇ ಅದರ ಅರ್ಥ. ವಿಶೇಷ ಕೇಂದ್ರಗಳು ಬೆರಳೆಣಿಕೆಯಷ್ಟೂ ಇಲ್ಲದ ನಮ್ಮಂಥ ಊರುಗಳಿಗೆ ಅದು ಒಳ್ಳೆಯ ಸುದ್ದಿ.

ನಮ್ಮ ದೇಶದಲ್ಲಿ ಈ ಬಗ್ಗೆ ಬರೆದದ್ದು ಸ್ವಲ್ಪವೇ. 1995ರಲ್ಲಿ ದೆಹಲಿಯ ವೈದ್ಯರು ಐವರು ಯುವತಿಯರ ವಿವರ ಪ್ರಕಟಿಸಿದ್ದರು: ಊಟ ಬಿಟ್ಟವರು, ವಾಂತಿ ಮಾಡುವವರು, ಸೊರಗಿದವರು. ಪಶ್ಚಿಮದ ರೋಗಿಗಳಲ್ಲಿ ಕಾಣುವ ಅತಿಯಾದ ಓಡಾಟ ಅವರಲ್ಲಿ ಇರಲಿಲ್ಲ ಎಂದು ಆ ಲೇಖನ ಹೇಳುತ್ತದೆ. ಆಗ ಊರೂರಿನ ಕೆರೆ ಏರಿಯ ಮೇಲೆ ಇಷ್ಟು ಜನ ಓಡುತ್ತಿರಲಿಲ್ಲ, ಕೈಗೆ ಲೆಕ್ಕ ಹೇಳುವ ಗಡಿಯಾರ ಇರಲಿಲ್ಲ. ನಮ್ಮ ಮೈಸೂರಿನ ವಿದ್ಯಾರ್ಥಿಗಳ ಬಗ್ಗೆಯೇ 2018ರಲ್ಲಿ ಒಂದು ಅಧ್ಯಯನ ಬಂದಿದೆ. ಕಾಲು ಭಾಗದಷ್ಟು ಮಕ್ಕಳಲ್ಲಿ ಊಟದ ಬಗೆಗಿನ ಧೋರಣೆ ದಾರಿ ತಪ್ಪುವ ಸೂಚನೆ ಕಂಡಿತು. ಆ ಮಕ್ಕಳಲ್ಲಿ ಎಷ್ಟು ಜನರನ್ನು ಮನೆಯಲ್ಲಿ 'ಶಿಸ್ತಿನ ಮಗು' ಎಂದು ಕರೆಯುತ್ತಿದ್ದಾರೋ ಎಂದು ನನಗೆ ಸಂಕಟವಾಗುತ್ತದೆ.

ಈಗ ನನ್ನ ತೂಕ 68ರ ಆಸುಪಾಸು ಇದೆ. ನಾನು ನೋಡುವುದಿಲ್ಲ, ಆಸ್ಪತ್ರೆಯಲ್ಲಿ ನೋಡಿ ಬರೆದುಕೊಳ್ಳುತ್ತಾರೆ. ಶುಗರ್ ಹತೋಟಿಯಲ್ಲೇ ಇದೆ. ಹೊಟ್ಟೆ ತುಂಬ ಉಂಡರೆ ಅದು ಏರಿಹೋಗುತ್ತದೆ ಎಂಬ ನನ್ನ ಭಯ ಸುಳ್ಳಾಯಿತು. ಕೈಗಡಿಯಾರವನ್ನು ಹೆಂಡತಿ ಬೀರುವಿನಲ್ಲಿ ಇಟ್ಟಿದ್ದಾಳೆ. ಸಂಜೆ ಅವಳ ಜೊತೆ ಮಾತಾಡುತ್ತ ನಡೆಯುತ್ತೇನೆ, ಮಳೆ ಬಂದರೆ ಮನೆಯಲ್ಲಿ ಕೂರುತ್ತೇನೆ. ಎಳೆತ ಪೂರಾ ಹೋಗಿಲ್ಲ. ಜ್ವರ ಬಂದಾಗ, ಬ್ಯಾಂಕಿನಲ್ಲಿ ಜಗಳವಾದಾಗ, ಅಪ್ಪನ ತಿಥಿ ಹತ್ತಿರವಾದಾಗ ಅದು ಏಳುತ್ತದೆ. ಎದ್ದಾಗ ಹೆಂಡತಿಗೆ ಹೇಳುತ್ತೇನೆ, ಆ ಹೊತ್ತಿನ ಊಟ ತಪ್ಪಿಸುವುದಿಲ್ಲ.

ಇದನ್ನು ಓದುತ್ತಿರುವವರಲ್ಲಿ ನನ್ನದೊಂದು ವಿನಂತಿ. ನಿಮ್ಮ ಮನೆಯಲ್ಲೋ ಆಫೀಸಿನಲ್ಲೋ ಯಾರಾದರೂ ಬೇಗ ಬೇಗ ಸಣ್ಣಗಾದರೆ, ಜ್ವರದಲ್ಲೂ ಓಡಿದರೆ, ಹಬ್ಬದ ಎಲೆಯ ಮುಂದೆ ಕೂರಲು ಹೆದರಿದರೆ, ದಯವಿಟ್ಟು ಹೊಗಳಬೇಡಿ, ಬೈಯಲೂ ಬೇಡಿ. ಒಂದು ದಿನ ಓಡದಿದ್ದರೆ ಮನಸ್ಸಿಗೆ ಏನಾಗುತ್ತದೆ ಎಂದು ಕೇಳಿ, ಉತ್ತರ ಬರುವವರೆಗೆ ಪಕ್ಕದಲ್ಲಿ ಕೂತಿರಿ. ನೀವು ಕಂಡದ್ದನ್ನು ನನ್ನ ಹೆಂಡತಿ ಮಾಡಿದ ಹಾಗೆ ಒಂದು ಹಾಳೆಯಲ್ಲಿ ಬರೆದು ಡಾಕ್ಟರ ಕೈಗೆ ಕೊಡಿ. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಸಂಖ್ಯೆ 14416.